ಜೂನಿಯರ್ ಬರೆದ ಡ್ರಾಫ್ಟ್‌ನಲ್ಲಿ ತಪ್ಪೆಲ್ಲಿದೆ ಅಂತ ಯಾರು ಹೇಳಬೇಕು?

ಪ್ರಶ್ನೆ: ಸರ್, ವಕೀಲಿಕೆಗೆ ಎನ್‌ರೋಲ್ ಆಗಿ ಹದಿನಾಲ್ಕು ತಿಂಗಳಾಯ್ತು. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಹೆಚ್ಚು ಕೇಸಿರುವ ಆಫೀಸಿನಲ್ಲಿದ್ದೇನೆ. ಬೆಳಿಗ್ಗೆ ಪಾಸ್‌ಓವರ್ ಕೇಳುವುದು (ನಮ್ಮ ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಅಂತ), ಮುಂದಿನ ತಾರೀಖು ಬರೆದುಕೊಳ್ಳುವುದು, ಸಂಜೆ ದಾವೆ ಕಾಗದಗಳ ಡ್ರಾಫ್ಟಿಂಗ್. ನಾನು ಬರೆದದ್ದನ್ನು ಸೀನಿಯರ್ ತಿದ್ದಿ ನೇರ ಟೈಪಿಸ್ಟ್‌ಗೆ ಕೊಡುತ್ತಾರೆ. ಎಲ್ಲಿ ತಪ್ಪಿದ್ದೇನೆ ಅಂತ ತಿಳಿಯುವುದೇ ಇಲ್ಲ. ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರಾ?

ಉತ್ತರ: ಕೇಳಿ. ಕೋರ್ಟ್ ಹಾಲಿನ ಬಾಗಿಲಲ್ಲಿ ಮಾತ್ರ ಬೇಡ. ತಿದ್ದಿದ ಕಾಪಿ ಟೈಪಿಸ್ಟ್ ಹತ್ತಿರ ಇರುತ್ತದೆ. ನಿಮ್ಮ ಡ್ರಾಫ್ಟ್ ಪಕ್ಕ ಇಟ್ಟು ಓದಿ, ಕಾರಣ ಹೊಳೆಯದ ಎರಡು ತಿದ್ದುಪಡಿಗೆ ಗುರುತು ಹಾಕಿ, ಆ ಎರಡನ್ನೇ ಕೇಳಿ.

ಆದರೆ ಹೊಣೆ ನಮ್ಮದು, ಸೀನಿಯರ್‌ಗಳದ್ದು. ನಮ್ಮ ಆಫೀಸಿನ ಹುಡುಗನೊಬ್ಬ ಇಂಜಂಕ್ಷನ್ (ತಡೆಯಾಜ್ಞೆ) ದಾವೆಯ ಶೆಡ್ಯೂಲಿನಲ್ಲಿ, ಅಂದರೆ ಆಸ್ತಿ ವಿವರದ ಪಟ್ಟಿಯಲ್ಲಿ, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ತಪ್ಪು ಬರೆದಿದ್ದ. ಕ್ರಯಪತ್ರದಲ್ಲಿ ಪೂರ್ವಕ್ಕೆ ರಸ್ತೆ, ಇವನು ಹಾಕಿದ್ದು ಪಕ್ಕದ ಸೈಟಿನ ನಂಬರ್. ಕೆಂಪು ಪೆನ್ನಲ್ಲಿ ಸರಿಮಾಡಿ ಕಳಿಸಿದೆ. ಮುಂದಿನ ದಾವೆಯಲ್ಲೂ ಅದೇ ತಪ್ಪು. ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಾಗ ಗೊತ್ತಾಯಿತು: ಹಳೇ ಫೈಲಿನ ಶೆಡ್ಯೂಲ್ ಇಳಿಸಿಕೊಂಡು ಸೈಟ್ ನಂಬರ್ ಮಾತ್ರ ಬದಲಿಸುತ್ತಿದ್ದ. ಸ್ಥಿರಾಸ್ತಿ ಯಾವುದೆಂದು ಗುರುತಿಸುವಷ್ಟು ವಿವರ ವಾದಪತ್ರದಲ್ಲಿ ಇರಲೇಬೇಕು ಎನ್ನುವ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 7 ರೂಲ್ 3 ಓದಿಸಿದೆ. ಕ್ರಯಪತ್ರ ಬಿಡಿಸಿ ನಾಲ್ಕೂ ದಿಕ್ಕನ್ನು ಬೆರಳಿಟ್ಟು ತೋರಿಸಿದೆ. ಹತ್ತು ನಿಮಿಷ ಹಿಡಿಯಿತು. ಮೊದಲ ಸಲವೇ ಆ ಹತ್ತು ನಿಮಿಷ ಕೊಡದಿದ್ದದ್ದು ನನ್ನ ತಪ್ಪು.

ಇನ್ನೊಬ್ಬ ವಕೀಲರು: ನನ್ನ ಬಳಿ ಮೂವರು ಜೂನಿಯರ್‌ಗಳಿದ್ದಾರೆ. ಬೆಳಿಗ್ಗೆ ಮೇಯೋ ಹಾಲ್ ಕೋರ್ಟು, ಮಧ್ಯಾಹ್ನ ಹೈಕೋರ್ಟ್. ಕೂರಿಸಿಕೊಂಡು ಹೇಳಿಕೊಡಲು ಹೊತ್ತೆಲ್ಲಿ ಸರ್?

ಉತ್ತರ: ದಿನಾ ಬೇಡ ಸರ್. ಒಬ್ಬರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ, ದಾರಿಯಲ್ಲಿ ಫೈಲಿನ ಬಗ್ಗೆ ಮಾತಾಡಿ. ಪಾಟೀ ಸವಾಲಿಗೆ ಮುಂಚೆ ಅವರಿಂದಲೂ ಪ್ರಶ್ನೆ ಬರೆಸಿ. ಒಂದನ್ನಾದರೂ ನೀವು ಸಾಕ್ಷಿಗೆ ಕೇಳಿದರೆ ಆ ಮಕ್ಕಳ ಮುಖ ನೋಡಬೇಕು! ಪಾಸ್‌ಓವರ್‌ಗೆ ಕಳಿಸುವಾಗಲೂ ಕೇಸ್ ಯಾವ ಹಂತದಲ್ಲಿದೆ ಅಂತ ಹೇಳಿ ಕಳಿಸಿ. ಜಡ್ಜ್ ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದೆ ನಿಂತ ಅವಮಾನ ಬಹಳ ದಿನ ಕಾಡುತ್ತದೆ.

ಇನ್ನು ದುಡ್ಡು. 2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ನಗರದ ಜೂನಿಯರ್‌ಗಳಿಗೆ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಸ್ಟೈಪೆಂಡ್ ಕೊಡಿ ಎಂದು ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಅಷ್ಟೇ. ಆದರೂ ಪಿಜಿ ಬಾಡಿಗೆಗೆ ಮನೆಯಿಂದ ದುಡ್ಡು ತರಿಸಿಕೊಳ್ಳುವವರನ್ನು ರಾತ್ರಿ ಒಂಬತ್ತರವರೆಗೆ ದುಡಿಸಿಕೊಳ್ಳುವುದು ನ್ಯಾಯವಲ್ಲ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಕಾಪಿ ಸಿಕ್ಕಿತು. ನನ್ನ ಮೂರನೇ ಪ್ಯಾರಾ ಪೂರ್ತಿ ಹೊಡೆದುಹಾಕಿದ್ದಾರೆ. ನಾಳೆ ಅದನ್ನೇ ಮೊದಲು ಕೇಳುತ್ತೇನೆ.