ಒರಟು ಧ್ವನಿಮುದ್ರಣಕ್ಕೆ ಅಂಕ ಕಳೆಯಬೇಕೇ?

ಪ್ರಶ್ನೆ:
ಮೆಟಲ್ (ಅಬ್ಬರದ ರಾಕ್ ಸಂಗೀತ) ಆಲ್ಬಮ್‌ಗಳ ಬಗ್ಗೆ ವಿಮರ್ಶೆ ಬರೆಯಲು ಹೊರಟಿದ್ದೇನೆ. ನಾರ್ವೆಯ ಡಾರ್ಕ್‌ಥ್ರೋನ್ ತಂಡದ ಬ್ಲ್ಯಾಕ್ ಮೆಟಲ್ ಆಲ್ಬಮ್ ‘ಟ್ರಾನ್ಸಿಲ್ವೇನಿಯನ್ ಹಂಗರ್’ (1994) ಬಳಿ ಬಂದು ಸಿಕ್ಕಿಕೊಂಡೆ. ಗಿಟಾರ್ ಬರೀ ಗುಂಯ್‌ಗುಡುತ್ತದೆ, ಬಾಸ್ ಇದೆಯೋ ಇಲ್ಲವೋ ತಿಳಿಯದು, ಡ್ರಮ್ ಒಂದೇ ಲಯದಲ್ಲಿ ಓಡುತ್ತದೆ. ಅಂಕ ಕಳೆಯಲೇ?

ಉತ್ತರ 1:
ಕಳೆಯಬೇಡಿ. ಇದೇ ತಂಡ ತನ್ನ ಮೊದಲ ಆಲ್ಬಮ್ ಅನ್ನು ಸ್ಟಾಕ್‌ಹೋಮ್‌ನ ಸನ್‌ಲೈಟ್ ಸ್ಟುಡಿಯೋದಲ್ಲಿ ಮುದ್ರಿಸಿತ್ತು. 1991ರಲ್ಲಿ ಬಂದ ಅದು ಡೆತ್ ಮೆಟಲ್ (ಮೆಟಲ್‌ನ ಇನ್ನೊಂದು ಬಗೆ), ಧ್ವನಿಯೂ ತುಂಬಿಕೊಂಡಿದೆ. ಒಳ್ಳೆಯ ಸ್ಟುಡಿಯೋ ಕಾಣದವರೇನಲ್ಲ ಇವರು. ನೀವು ಹೇಳಿದ ಆಲ್ಬಮ್‌ನಲ್ಲಿ ತಂಡದ ಫೆನ್ರಿಜ್ ನಾಲ್ಕು ಟ್ರ್ಯಾಕ್‌ಗಳ ಸರಳ ಮುದ್ರಣ ಯಂತ್ರವಿಟ್ಟುಕೊಂಡು ಎಲ್ಲ ವಾದ್ಯಗಳನ್ನೂ ತಾನೇ ನುಡಿಸಿದ. ಗಾಯನ ಮಾತ್ರ ನಾಕ್ಟರ್ನೋ ಕುಲ್ಟೋನದು. ಆ ಒರಟುತನ ಬೇಕೆಂದೇ ಆರಿಸಿಕೊಂಡದ್ದು. ಡ್ರಮ್ಮನ್ನು ಮರೆತು ಗಿಟಾರನ್ನು ತಂಬೂರಿಯ ಶ್ರುತಿಯಂತೆ ಕೇಳಿ, ರಾಗ ನಿಧಾನವಾಗಿ ಹೊರಳುವುದು ಗೊತ್ತಾಗುತ್ತದೆ. (ಮೊಬೈಲಿನ ಸ್ಪೀಕರಿನಲ್ಲಿ ಕೇಳಿದ್ದರೆ ಈ ಚರ್ಚೆಯೇ ವ್ಯರ್ಥ.)

ಉತ್ತರ 2:
ನಾನು ಒಪ್ಪುವುದಿಲ್ಲ. ಬೇಕೆಂದೇ ಮಾಡಿದರೆ ಎಲ್ಲವೂ ಮಾಫಿಯೇ? ಸ್ಲೇಯರ್ ತಂಡದ ‘ರೇನ್ ಇನ್ ಬ್ಲಡ್’ (1986) ತೆಗೆದುಕೊಳ್ಳಿ. ನಿರ್ಮಾಪಕ ರಿಕ್ ರೂಬಿನ್ ಪ್ರತಿಧ್ವನಿಯನ್ನೆಲ್ಲ ಹಿಂಡಿ ತೆಗೆದ. ಹತ್ತು ಹಾಡುಗಳು, ಸುಮಾರು 29 ನಿಮಿಷ. ಡ್ರಮ್ಮರ್ ಲೊಂಬಾರ್ಡೋನ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಉಗ್ರವಾಗಿರಲು ಮಸುಕಾಗಿರಬೇಕಿಲ್ಲ.

ಉತ್ತರ 1:
ಅದು ಥ್ರ್ಯಾಶ್, ಅಂದರೆ ವೇಗದ ಮೆಟಲ್, ಸ್ವಾಮಿ. ಅಲ್ಲಿ ಪೆಟ್ಟೇ ಪ್ರಧಾನ, ಆದ್ದರಿಂದ ಸ್ಪಷ್ಟತೆ ಬೇಕು. ಬ್ಲ್ಯಾಕ್ ಮೆಟಲ್‌ಗೆ ಬೇಕಾದದ್ದು ಚಳಿ ಹುಟ್ಟಿಸುವ ವಾತಾವರಣ. ಪ್ರಶ್ನೆ ಕೇಳಿದವರು ಅಂಕದ ಪದ್ಧತಿಯನ್ನೇ ಕೈಬಿಟ್ಟು, ಆ ಧ್ವನಿ ಹಾಡಿಗೆ ಏನು ಮಾಡುತ್ತಿದೆ ಎಂಬುದನ್ನು ಬರೆಯಲಿ.