ಸಹಾಯ ಬೇಕು: ಬ್ರಿಯೆನ್ಜ್ ಸರೋವರದ ಹತ್ತಿರ ಹಳೇ ಹೋಟೆಲ್, ಅಪ್ಪ ಅಮ್ಮನ ಜೊತೆ

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಅಪ್ಪ ಅಮ್ಮ ಬೆಂಗಳೂರಿಂದ ನಮ್ಮಲ್ಲಿಗೆ, ಮ್ಯೂನಿಕ್‌ಗೆ, ಬರ್ತಿದ್ದಾರೆ. ಮೂರು ದಿನ ಸ್ವಿಟ್ಜರ್ಲೆಂಡ್‌ಗೆ ಕರೆದುಕೊಂಡು ಹೋಗಬೇಕು, ಕಾರು ಬೇಡ, ರೈಲಲ್ಲೇ. ನನ್ನ ಮನಸ್ಸು ನಿಂತಿರುವುದು ಗೀಸ್‌ಬಾಖ್ ಗ್ರ್ಯಾಂಡ್ ಹೋಟೆಲ್ ಮೇಲೆ. 1870ರ ದಶಕದ ಕಟ್ಟಡ, ಪಕ್ಕದಲ್ಲೇ ಜಲಪಾತ, ಸುತ್ತ ಕಾಡು. ಬ್ರಿಯೆನ್ಜ್‌ನಿಂದ ದೋಣಿಯಲ್ಲಿ ಬಂದು, 1879ರಿಂದ ಓಡುತ್ತಿರುವ ಪುಟ್ಟ ಹಗ್ಗದ ರೈಲು (ಗುಡ್ಡದ ಮೇಲಕ್ಕೆ ಹಗ್ಗದಿಂದ ಎಳೆಯುವ ಫ್ಯೂನಿಕ್ಯುಲರ್) ಹತ್ತಿದರೆ ಹೋಟೆಲ್ ಹತ್ತಿರವೇ ಇಳಿಸುತ್ತದೆ. 1980ರ ದಶಕದಲ್ಲಿ ಇದನ್ನು ಕೆಡವಲು ಹೊರಟಿದ್ದರಂತೆ, ಪರಿಸರ ಹೋರಾಟಗಾರ ಫ್ರಾಂಜ್ ವೇಬರ್ ಜನರಿಂದ ದುಡ್ಡು ಕೂಡಿಸಿ ಉಳಿಸಿದರು. ಅದಕ್ಕೇ ನನಗೆ ಇಷ್ಟ ಜಾಸ್ತಿ.

ಅಲ್ಲಿ ಉಳಿದುಕೊಂಡವರು ಯಾರಾದರೂ ಇದ್ದೀರಾ? ಅಪ್ಪನಿಗೆ ಮಂಡಿ ನೋವು, ದೋಣಿ ಇಳಿದ ಮೇಲೆ ಮೆಟ್ಟಿಲು ಎಷ್ಟು? ಎರಡು ದೊಡ್ಡ ಸೂಟ್‌ಕೇಸ್ ಆ ರೈಲಿನಲ್ಲಿ ಹಿಡಿಸುತ್ತಾ? ಅಮ್ಮ ಮೊಟ್ಟೆನೂ ತಿನ್ನಲ್ಲ, ಮೊದಲೇ ಹೇಳಿದರೆ ಅಡುಗೆಮನೆಯವರು ಏನಾದರೂ ಮಾಡಿಕೊಡುತ್ತಾರಾ, ಇಲ್ಲ ನಾವೇ ಅವಲಕ್ಕಿ ಹೊತ್ತುಕೊಂಡು ಹೋಗಬೇಕಾ? ಜಲಪಾತದ ಕಡೆ ರೂಮ್ ತಗೊಂಡರೆ ರಾತ್ರಿ ಸದ್ದಿಗೆ ನಿದ್ದೆ ಬರುತ್ತಾ, ಅಥವಾ ಸರೋವರದ ಕಡೆನೇ ವಾಸಿನಾ?

ಮೈರಿಂಗನ್‌ನಿಂದ ಬಸ್ಸಲ್ಲಿ ಹೋಗುವ ರೋಸೆನ್‌ಲೌಯಿ ಹೋಟೆಲ್ಲೂ ನೋಡಿದೆ, ಚೆನ್ನಾಗಿದೆ, ಆದರೆ ಬಾತ್‌ರೂಮ್ ಎಲ್ಲರಿಗೂ ಸೇರಿ ಹೊರಗಡೆ. ಅಮ್ಮ ಒಪ್ಪಲ್ಲ. ಈ ವಾರ ಬುಕ್ ಮಾಡಬೇಕು, ಗೊತ್ತಿದ್ದವರು ದಯವಿಟ್ಟು ಹೇಳಿ.