ಅಪ್‌ಡೇಟ್: ಮಗಳ ಕಾಯಿಲೆಯ ಕರಪತ್ರ ಸಿದ್ಧವಾಯಿತು

ಮಗಳಿಗಿರುವ ಸಿಸ್ಟೆಮಿಕ್ ಜುವೆನೈಲ್ ಆರ್ಥ್ರೈಟಿಸ್ (ಕೀಲುಗಳ ಜೊತೆ ಇಡೀ ದೇಹವನ್ನು ಕಾಡುವ ಮಕ್ಕಳ ಸಂಧಿವಾತ) ಬಗ್ಗೆ ಜಯನಗರದ ಶಾಲೆಗೆ, ಅಕ್ಕಪಕ್ಕದವರಿಗೆ ಹಂಚುವ ಕರಪತ್ರದಲ್ಲಿ ಏನಿರಬೇಕು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಮಕ್ಕಳ ರುಮಾಟಿಕ್ (ಸಂಧಿವಾತದಂಥ) ಕಾಯಿಲೆಗಳ ವಿಶ್ವ ದಿನವಾದ ಮಾರ್ಚ್ 18ಕ್ಕೆ ಹಂಚುತ್ತೇವೆ.

ಮೊದಲ ಸಾಲೇ, ಇದು ಅಂಟುರೋಗವಲ್ಲ. ಎರಡು ವಾರ ದಾಟಿದ ಜ್ವರ, ದಿನಕ್ಕೆ ಒಂದೆರಡು ಸಲ 39 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಪೂರ್ತಿ ಇಳಿಯುವುದು, ಜೊತೆಗೆ ಕೀಲುನೋವು: ಇವು ಮುಖ್ಯ ಗುರುತು. ಜ್ವರ ಏರಿದಾಗ ಬರುವ ತಿಳಿಗುಲಾಬಿ ದದ್ದು ಆಸ್ಪತ್ರೆ ತಲುಪುವಷ್ಟರಲ್ಲಿ ಮಾಯವಾಗಿರುತ್ತದೆ. ನಮ್ಮ ಮೈಬಣ್ಣದ ಮೇಲೆ ಸುಲಭಕ್ಕೆ ಕಾಣುವುದೂ ಇಲ್ಲ. ಕಂಡ ತಕ್ಷಣ ಒಳ್ಳೆಯ ಬೆಳಕಿನಲ್ಲಿ ಫೋಟೊ ತೆಗೆಯಿರಿ.

ದಪ್ಪಕ್ಷರದಲ್ಲಿ ಹಾಕಿಸಿದ್ದು ಇದನ್ನು: ಜ್ವರ ಇಳಿಯದೆ ನಿಂತರೆ, ಮಗು ಮಂಕಾದರೆ, ಎಲ್ಲಾದರೂ ರಕ್ತ ಒಸರಿದರೆ ನೇರ ಎಮರ್ಜೆನ್ಸಿಗೆ ಹೋಗಿ. ಇವು ಇದೇ ಕಾಯಿಲೆಯ ಉರಿಯೂತ ಕೈಮೀರಿ ಪ್ರಾಣಕ್ಕೆ ಅಪಾಯವಾಗುತ್ತಿರುವ ಗುರುತಿರಬಹುದು. ಆಗ ಪ್ಲೇಟ್‌ಲೆಟ್ ಬಿದ್ದದ್ದನ್ನು ಕಂಡು ಡೆಂಗಿ ಎಂದುಕೊಳ್ಳುವುದು ಬೆಂಗಳೂರಿನಲ್ಲಿ ಬಹಳ ಸುಲಭ. ಕಾಯಿಲೆಯ ಹೆಸರು ಹೇಳಿ, ಫೆರಿಟಿನ್ (ಈ ಸ್ಥಿತಿಯಲ್ಲಿ ರಕ್ತದಲ್ಲಿ ವಿಪರೀತ ಏರುವ ಪ್ರೋಟೀನ್) ಪರೀಕ್ಷೆ ಕೇಳಿ. ಇಎಸ್‌ಆರ್ (ಉರಿಯೂತ ಅಳೆಯುವ ರಕ್ತಪರೀಕ್ಷೆ) ಇಳಿದಿದೆ ಅಂತ ಸಮಾಧಾನಪಡಬೇಡಿ, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್ ಎಂಬ ಪ್ರೋಟೀನ್ ಖರ್ಚಾದಾಗಲೂ ಅದು ಇಳಿಯುತ್ತದೆ.

ಶಿಕ್ಷಕರಿಗೆ: ಬೆಳಗ್ಗೆ ಕೀಲು ಬಿಗಿದಿರುತ್ತದೆ, ನೆಲದ ಮೇಲೆ ಕೂರಿಸಬೇಡಿ. ಈ ಕಾಯಿಲೆಯ ಔಷಧಿಗಳು ರೋಗನಿರೋಧಕ ಶಕ್ತಿ ತಗ್ಗಿಸುವುದರಿಂದ, ತರಗತಿಯಲ್ಲಿ ಯಾರಿಗಾದರೂ ಚಿಕನ್‌ಪಾಕ್ಸ್ ಬಂದರೆ ಅದೇ ದಿನ ಫೋನ್ ಮಾಡಿ.